ಒಂಬತ್ತು ಇಂಚಿನೊಳಗೆ

ಅವರ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೋಳಾಗಿತ್ತು. ಬಲಗೈ ತುಂಬ ಮಾತ್ರ ದಟ್ಟ ಕೂದಲು. ಚಾಕು ಹರಿತವಾಯಿತೋ ಇಲ್ಲವೋ ನೋಡಲು ಎಡಗೈ ಮೇಲೆ ಅಲಗನ್ನು ಮೆಲ್ಲಗೆ ಎಳೆದು ನೋಡುವುದು ಅವರ ರೂಢಿ. ಕೂದಲು ಸದ್ದಿಲ್ಲದೆ ಉದುರಿದರೆ ಸರಿ. ಉದುರದಿದ್ದರೆ ಮತ್ತೆ ಕಲ್ಲಿನ ಮುಂದೆ ಕೂರುವುದು. ಮೂವತ್ತು ವರ್ಷ ಹೀಗೇ ನಡೆದು ಆ ಕೈಯಲ್ಲಿ ಕೂದಲಿಗೆ ಬೆಳೆಯಲು ಪುರಸೊತ್ತೇ ಸಿಕ್ಕಿರಲಿಲ್ಲ. ಸಾಲೆಯ ಹುಡುಗರು ಹಿಂದಿನಿಂದ ಅವರಿಗೆ ‘ಅರ್ಧ ಕರಡಿ’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಅರ್ಧ ಅಂದಾರಲ್ರಿ, ಪೂರಾ ಅಂದಿಲ್ಲ. ಹುಡುಗ್ರು ಒಳ್ಳ್ಯಾವರದಾರ,” ಎಂದು ನಕ್ಕಿದ್ದರು.

ರಾಣೆಬೆನ್ನೂರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಅವರು ಕ್ರಾಫ್ಟ್ ಮಾಸ್ತರು, ನಾನು ಕನ್ನಡ ಮಾಸ್ತರ. ಮರಗೆಲಸ ಕಲಿಸುವ ಆ ಹುದ್ದೆ ಅವರೊಂದಿಗೇ ಮುಗಿಯುವುದೆಂದು ಎಲ್ಲರಿಗೂ ಗೊತ್ತಿತ್ತು. ಅವರು ತೀರಿಕೊಂಡು ಎರಡು ತಿಂಗಳಾದವು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ನಾನೇ, “ನಿಮ್ಮ ಮ್ಯಾಲೆ ಏನಾರ ಬರೀಬೇಕು ಮಾಸ್ತರ,” ಎಂದಿದ್ದಕ್ಕೆ, “ಬರೀರಿ, ಹೆಸರು ಬ್ಯಾಡ್ರಿ. ಹೆಸರು ಸಮನ್ಸಿನ್ಯಾಗ ಬಂದಿದ್ದ ರಗಡ ಆತು,” ಎಂದಿದ್ದರು.

ಕ್ರಾಫ್ಟ್ ಕೋಣೆ ಸಾಲೆಯ ಹಿಂಬದಿಗೆ, ನೀರಿನ ಟಾಕಿಯ ಪಕ್ಕದಲ್ಲಿತ್ತು. ಅಲ್ಲಿ ಹುಡುಗರು ಮಾಡಿದ ಫೋಟೋ ಚೌಕಟ್ಟು, ಮಣೆ, ಕಾಲು ಸೊಟ್ಟಗಾದ ಸ್ಟೂಲುಗಳು ಇರುತ್ತಿದ್ದವು. ಚಾಕುಗಳು ಸಾಲೆಗೆ ಬರುತ್ತಿರಲಿಲ್ಲ. ಆ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಅವು ಮನೆಯಲ್ಲಿ, ಹಿತ್ತಲಿನ ತಗಡಿನ ಚಪ್ಪರದ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಇದ್ದವು. ಒಟ್ಟು ಹನ್ನೊಂದು. ಎಲ್ಲವೂ ದೊಡ್ಡವು, ಅಡವಿಯಲ್ಲಿ ಹೊಲದಲ್ಲಿ ತಿರುಗುವವರ ಸೊಂಟಕ್ಕೆ ಇರುವಂಥವು. ಮಡಚುವ ಚಾಕು ಅವರಿಗೆ ಸೇರುತ್ತಿರಲಿಲ್ಲ. “ನಡಾ ಮುರದಂಗ ಇರತೈತ್ರಿ ಅದು. ಚಾಕು ಅಂದ್ರ ತುದೀಲಿಂದ ಹಿಡೀ ಬುಡದ ತನಕ ಒಂದ ಉಕ್ಕು ಇರಬೇಕು,” ಎನ್ನುತ್ತಿದ್ದರು.

ಉಕ್ಕು ಬರುತ್ತಿದ್ದುದು ಗುಜರಿಗೆ ಬಿದ್ದ ಲಾರಿಗಳ ಕಮಾನಿನ ಪಟ್ಟಿಯಿಂದ. ಹಲಗೇರಿಯ ಕಂಬಾರನೊಬ್ಬ ಅದನ್ನು ಕಾಸಿ ಬಡಿದು ಒರಟು ಆಕಾರ ಮಾಡಿಕೊಡುತ್ತಿದ್ದ. ಉಳಿದದ್ದೆಲ್ಲ ಮಾಸ್ತರದು. ಕಾನಸಿನಿಂದ, ಅಂದರೆ ಅರದಿಂದ, ವಾರಗಟ್ಟಲೆ ತಿಕ್ಕಿ ಅಲಗನ್ನು ತೆಳುವಾಗಿಸುವುದು, ಹುಣಸೆ ಮರದ್ದೋ ಜಾಲಿಯದೋ ಎಮ್ಮೆ ಕೋಡಿನದೋ ಹಿಡಿ ಕೂಡಿಸಿ ಹಿತ್ತಾಳೆ ಮೊಳೆ ಬಡಿಯುವುದು, ಅಗಸಿ ಎಣ್ಣೆ ಕುಡಿಸುವುದು. ತೊಗಲಿನ ಒರೆ ಹೊಲಿಸಲು ಮಾತ್ರ ಬ್ಯಾಡಗಿಗೆ ಹೋಗಬೇಕು. ಅಲ್ಲಿ ಮೆಣಸಿನಕಾಯಿ ಪೇಟೆಯ ಹತ್ತಿರ ಒಬ್ಬ ಮುದುಕ ಚಪ್ಪಲಿ ಹೊಲಿಯುತ್ತಿದ್ದ, ಒರೆ ಹೊಲಿಯಲು ಅವನನ್ನು ಬಿಟ್ಟರೆ ಇಲ್ಲ ಎನ್ನುತ್ತಿದ್ದರು. ಸುಗ್ಗಿಯಲ್ಲಿ ಹೋಗಿ ಬಂದರೆ ಒರೆಗೂ ಮಾಸ್ತರಿಗೂ ಖಾರದ ಘಾಟು. ಮರುದಿನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಸೀನುತ್ತಿದ್ದೆವು.

ಈಚೀಚೆಗೆ ಮೊಬೈಲಿನಲ್ಲಿ ನೋಡಿ ದೊಡ್ಡ ಚಾಕು ತರಿಸಿಕೊಳ್ಳುವವರು ಹೆಚ್ಚಾಗಿದ್ದರು. ಹಾವೇರಿಯ ಒಬ್ಬ ಡಾಕ್ಟರು, ಬೆಟ್ಟ ಹತ್ತುವ ಗುಂಪು ಕಟ್ಟಿಕೊಂಡ ಇಬ್ಬರು ಮೂವರು, ಹೊಲದಲ್ಲಿ ಮನೆ ಕಟ್ಟಿಸಿದ ಒಬ್ಬ ಬೀಜದ ವ್ಯಾಪಾರಿ. ತಂದ ಒಂದೇ ತಿಂಗಳಿಗೆ ಅವು ಮೊಂಡಾಗಿ ಮಾಸ್ತರ ಹಿತ್ತಲಿಗೆ ಬರುತ್ತಿದ್ದವು. ಮಾಸ್ತರು ಮೊದಲು ಬೈಯುತ್ತಿದ್ದರು, ಆಮೇಲೆ ಕಲ್ಲು ನೆನೆಸುತ್ತಿದ್ದರು. ಒರಟು ಕಲ್ಲು, ನಯ ಕಲ್ಲು, ಕೊನೆಗೆ ಹಳೇ ತೊಗಲಿನ ಬೆಲ್ಟು. ತಿಕ್ಕುವಾಗ ಮಾತಿಲ್ಲ, ಕಿವಿ ಕಲ್ಲಿನ ಕಡೆಗೆ ವಾಲಿರುತ್ತಿತ್ತು. ಸದ್ದು ಬದಲಾದರೆ ಕೋನ ತಪ್ಪಿದೆ ಎಂದು ಅವರಿಗೆ ತಿಳಿಯುತ್ತಿತ್ತು. “ಮೊಂಡ ಚಾಕು ಸಿಟ್ಟಿಗೆದ್ದ ಮನಶಾನಂಗ್ರಿ. ಎಲ್ಲಿ ಜಾರತೈತಿ, ಯಾರಿಗೆ ಹತ್ತತೈತಿ ಗೊತ್ತಾಗೂದಿಲ್ಲ. ಹರಿತ ಇದ್ದದ್ದು ಹೇಳಿದಂಗ ಕೇಳತೈತಿ.”

ಇಷ್ಟೊಂದು ಚಾಕು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು, ನಾನೂ ಕೇಳಿದ್ದೆ. ಉತ್ತರವೆಂದು ಒಂದು ಭಾನುವಾರ ನನ್ನನ್ನು ಕುಮಾರಪಟ್ಟಣದ ಆಚೆ ಹೊಳೆದಂಡೆಗೆ ಕರೆದೊಯ್ದರು. ದಂಡೆಯ ಮೇಲೆ ಬಿದ್ದಿದ್ದ ಜಾಲಿ ಕಟ್ಟಿಗೆಯನ್ನು ದೊಡ್ಡ ಚಾಕುವಿನಿಂದ ಸೀಳಿದರು. ಒಂದು ಕೋಲನ್ನು ಹೂವಿನ ಹಾಗೆ ತೆಳ್ಳಗೆ ಹೆರೆದು, ಒಂದೇ ಕಡ್ಡಿಯಲ್ಲಿ ಬೆಂಕಿ ಹಚ್ಚಿದರು. ಚಹಾ ಆಯಿತು, ಕಲ್ಲಂಗಡಿ ಹೆಚ್ಚಿದ್ದಾಯಿತು, ನನ್ನ ಚಪ್ಪಲಿಯ ಹರಿದ ಬಾರಿಗೆ ತೂತು ಕೊರೆದು ದಾರ ಪೋಣಿಸಿದ್ದೂ ಆಯಿತು. ಎಲ್ಲವೂ ಅದೇ ಚಾಕುವಿನಿಂದ. ಆಮೇಲೆ ಒರೆಸಿ, ಎಣ್ಣೆ ಹಚ್ಚಿ, ಒರೆಗೆ ಹಾಕಿ, ನೀರಲ್ಲಿ ಕಾಲು ಬಿಟ್ಟು ಕೂತರು. “ವಾರದಾಗ ಆರು ದಿನ ಗಂಟಿ ಹೊಡದಂಗ ಕುಣೀತೀನ್ರಿ. ಇವತ್ತೊಂದು ದಿನ ನನ್ನ ಕೈ ನಾ ಹೇಳಿದ್ದು ಮಾಡತೈತಿ,” ಎಂದರು. ನನಗೆ ಉತ್ತರ ಸಿಕ್ಕಿತ್ತು.

ಒಂದು ವಿಷಯ ಇಲ್ಲಿ ಹೇಳಬೇಕು. ಆ ಹನ್ನೊಂದರಲ್ಲಿ ಯಾವುದರ ಅಲಗೂ ಒಂಬತ್ತು ಇಂಚು ಮುಟ್ಟುತ್ತಿರಲಿಲ್ಲ. ಅದಕ್ಕಿಂತ ಉದ್ದವಾದರೆ ಲೈಸನ್ಸು ಬೇಕು ಎಂದು ಯಾರೋ ವಕೀಲರಿಂದ ಕೇಳಿ ತಿಳಿದಿದ್ದರು. ಕಂಬಾರನಿಗೆ ಉಕ್ಕು ಕೊಡುವಾಗಲೇ ಎಂಟೂ ಮುಕ್ಕಾಲಿಗೆ ಗೀಟು ಹಾಕಿ ಕೊಡುತ್ತಿದ್ದರು. “ಕಾಲು ಇಂಚು ಸರಕಾರಕ್ಕ ಬಿಟ್ಟೇನ್ರಿ,” ಎನ್ನುವುದು ಅವರ ಚೇಷ್ಟೆ.

ಮುಂದೆ ಬಂದದ್ದು ಚುನಾವಣೆ. ನನಗೆ ಮೋಟೆಬೆನ್ನೂರಿನ ಹತ್ತಿರ ಚೆಕ್‌ಪೋಸ್ಟಿನ ಡ್ಯೂಟಿ ಬಿತ್ತು. ರಸ್ತೆ ಪಕ್ಕ ಒಂದು ಶಾಮಿಯಾನ, ಎರಡು ಪ್ಲಾಸ್ಟಿಕ್ ಕುರ್ಚಿ, ಒಬ್ಬ ಪೊಲೀಸು, ಒಬ್ಬ ವಿಡಿಯೋದವನು, ನಾನು. ಎರಡು ದಿನದ ಹಿಂದಷ್ಟೇ ಒಂದು ಕಾರನ್ನು ನಾನು ತಪಾಸಣೆ ಮಾಡದೆ ಬಿಟ್ಟಿದ್ದೆ. ಒಳಗಿದ್ದವರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. ವಿಡಿಯೋದಲ್ಲಿ ಅದು ಕಂಡು, ನನಗೆ ನೋಟೀಸು ಬಂದಿತ್ತು. ಇನ್ನೊಮ್ಮೆ ಹೀಗಾದರೆ ಸಸ್ಪೆಂಡು ಎಂದಿದ್ದರು. ಆ ಭಯದಲ್ಲೇ ಡ್ಯೂಟಿಗೆ ಕೂತಿದ್ದೆ.

ಮಧ್ಯಾಹ್ನ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಬಸ್ಸು ನಿಂತಿತು. ಪೊಲೀಸು ಒಳಗೆ ಹತ್ತಿ ಚೀಲ ನೋಡುತ್ತ ಹೋದವನು ಒಬ್ಬರನ್ನು ಕೆಳಗಿಳಿಸಿಕೊಂಡು ಬಂದ. ಕ್ರಾಫ್ಟ್ ಮಾಸ್ತರು. ಕೈಚೀಲದಲ್ಲಿ ಧೋತರದ ತುಂಡಿನಲ್ಲಿ ಸುತ್ತಿದ ಒಂದು ದೊಡ್ಡ ಚಾಕು, ಆ ಹನ್ನೊಂದರಲ್ಲಿ ಹೊಸದು. ಒರೆ ಹೊಲಿಸಲು ಹೊರಟಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. “ಅರೆ, ಸರ ಇಲ್ಲೇ ಅದೀರಿ! ಛಲೋ ಆತು,” ಎಂದರು.

ಅಷ್ಟರಲ್ಲಿ ರೌಂಡಿಗೆ ಬಂದ ಅಧಿಕಾರಿಯೊಬ್ಬರ ಜೀಪು ನಿಂತಿತು. ಅವರೇನೂ ಕೆಟ್ಟವರಲ್ಲ, ದಣಿದಿದ್ದರು ಅಷ್ಟೆ. ಚಾಕು ನೋಡಿದರು, ಮಾಸ್ತರನ್ನು ನೋಡಿದರು, ನನ್ನ ಕಡೆ ತಿರುಗಿದರು.

“ಪರಿಚಯದವರೇನ್ರಿ?”

ವಿಡಿಯೋದವನ ಕ್ಯಾಮೆರಾ ನನ್ನ ಮುಖದ ಮೇಲಿತ್ತು.

“ಒಂದ ಸಾಲ್ಯಾಗ ಅದೀವ್ರಿ. ಅಷ್ಟ,” ಎಂದೆ.

ಮಾಸ್ತರು ನನ್ನನ್ನೊಮ್ಮೆ ನೋಡಿದರು. ಅಧಿಕಾರಿ ಅಂದರು, “ಒಂಬತ್ತು ಇಂಚು ದಾಟಿದ್ರ ಕೇಸು. ಇಲ್ಲಂದ್ರ ಬರಕೊಂಡು ಬಿಡ್ರಿ. ಅಳತಿ ಮಾಡ್ರಿ ಸರ, ನೀವ ಪಂಚರು.” ಪಕ್ಕದ ಟೇಲರ್ ಅಂಗಡಿಯಿಂದ ಟೇಪು ತಂದರು. ಬಟ್ಟೆಯ ಟೇಪು. ಆ ಅಲಗು ಬಾಳೆ ಎಲೆಯ ತುದಿಯ ಹಾಗೆ ಬಾಗಿತ್ತು. ನಾನು ಟೇಪನ್ನು ಹಿಡಿಯ ಬುಡದಲ್ಲಿ ಹೆಬ್ಬೆರಳಿನಿಂದ ಒತ್ತಿ, ಅಂಚಿನ ಬಾಗಿನ ಗುಂಟ ಮಲಗಿಸುತ್ತ ಹೋದೆ.

“ಸರ, ನೇರ ಹಿಡೀರಿ. ಬುಡದಿಂದ ತುದಿಗೆ ನೇರ,” ಎಂದರು ಮಾಸ್ತರು. ಮೆತ್ತಗೆ, ಸಾಲೆಯಲ್ಲಿ ಹುಡುಗರ ಕೈ ತಿದ್ದುವ ದನಿಯಲ್ಲಿ.

ನನಗೆ ಕೇಳಿಸಿತು. ಅವರು ಹೇಳಿದ್ದು ಸರಿ ಎಂದೂ ಹೊಳೆಯಿತು. ಆದರೆ ಅವರ ಮಾತು ಕೇಳಿ ಟೇಪು ಸರಿಸಿದರೆ, ಪರಿಚಯದವನನ್ನು ಉಳಿಸಿದ ಎಂದು ಕ್ಯಾಮೆರಾದಲ್ಲಿ ಕೂತುಬಿಡುತ್ತದೆ. ಇನ್ನೊಂದು ನೋಟೀಸು. ನಾನು ತಲೆ ಎತ್ತಲಿಲ್ಲ.

“ಒಂಬತ್ತೂ ಕಾಲು,” ಎಂದೆ.

ಪಂಚನಾಮೆ ಬರೆದರು. ನಾನು ಓದಿ, ಎರಡು ಕಡೆ ಸಹಿ ಮಾಡಿದೆ. ಮಾಸ್ತರನ್ನು ಜೀಪಿನಲ್ಲಿ ಕೂಡಿಸಿದರು. ಬಸ್ಸು ಆಗಲೇ ಹೊರಟುಹೋಗಿತ್ತು.

ಜಾಮೀನು ಎರಡನೇ ದಿನಕ್ಕೆ ಸಿಕ್ಕಿತು. ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಮಾಡಬೇಕು, ಕೇಳದೆ ತಾಲೂಕು ಬಿಟ್ಟು ಹೋಗಬಾರದು ಎಂಬ ಷರತ್ತು. ಸಾಲೆಯ ಆಡಳಿತ ಮಂಡಳಿ ಅವರನ್ನು ಸಸ್ಪೆಂಡ್ ಮಾಡಿತು. ಮಕ್ಕಳ ನಡುವೆ ಇರುವ ಮನುಷ್ಯ, ಆಯುಧದ ಕೇಸು, ತಮಗೇನು ಮಾಡಲು ಬರುತ್ತದೆ ಎಂದರು. ಕ್ರಾಫ್ಟ್ ಕೋಣೆಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಅದರಲ್ಲಿ ಹಳೇ ಬೆಂಚು ತುಂಬಿದರು.

ಮನೆಯಲ್ಲಿ ವೈನಿ, ಅಂದರೆ ಮಾಸ್ತರ ಹೆಂಡತಿ, ಅವರು ಠಾಣೆಯಲ್ಲಿದ್ದ ಆ ಒಂದೂವರೆ ದಿನದಲ್ಲೇ ಪೆಟ್ಟಿಗೆ ಖಾಲಿ ಮಾಡಿದ್ದರು. ಉಳಿದ ಹತ್ತು ಚಾಕುಗಳನ್ನು ಗೋಣಿಚೀಲದಲ್ಲಿ ಹಾಕಿ ಕುಪ್ಪೇಲೂರಿನ ತವರುಮನೆಗೆ ಕಳಿಸಿ, ಕಮತದ ಬಾವಿಗೆ ಹಾಕಿಸಿದ್ದರು. ಮಾಸ್ತರು ಮನೆಗೆ ಬಂದು ಪೆಟ್ಟಿಗೆ ತೆಗೆದು ನೋಡಿದರಂತೆ. ಇದನ್ನು ನನಗೆ ಹೇಳಿದ್ದು ವೈನಿಯೇ. “ಬೈದಿದ್ರ ನನಗ ಹಗೂರ ಆಗತಿತ್ರಿ. ಪೆಟ್ಟಿಗಿ ಮುಚ್ಚಿ ಅದರ ಮ್ಯಾಲ ಕುಂತ್ರು. ಊಟಕ್ಕ ಏಳ್ರಿ ಅಂದ್ರ ಎದ್ರು. ಅಷ್ಟ.”

ಆಮೇಲೆ ಅವರನ್ನು ನೋಡುವುದು ನನಗೆ ಕಷ್ಟವಾಯಿತು. ಭಾನುವಾರ ಹೊಳೆಗೆ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ಠಾಣೆಯ ಮುಂದಿನ ಬೆಂಚಿನ ಮೇಲೆ ಇರುತ್ತಿದ್ದರು. ಉಳಿದ ದಿನ ಮನೆಯ ಕಟ್ಟೆ. ವೈನಿ ತರಕಾರಿ ಹೆಚ್ಚುವ ಇಳಿಗೆ ಒಂದನ್ನು ಬಿಟ್ಟು ಬೇರೆ ಅಲಗು ಒಳಗೆ ಬಿಡುತ್ತಿರಲಿಲ್ಲ. ಓಣಿಯ ಹೆಂಗಸರು ಕತ್ತರಿ ಹರಿತ ಮಾಡಿಸಲು ತಂದರೆ, “ಕಟ್ಟಿ ಮ್ಯಾಲ ಮಾಡಿ ಅಲ್ಲಿಂದ್ಲೇ ಕೊಟ್ಟ ಕಳಸ್ರಿ,” ಎನ್ನುತ್ತಿದ್ದರು. ಹಾವೇರಿಯ ಡಾಕ್ಟರು ಫೋನು ಎತ್ತುವುದನ್ನೂ ಬಿಟ್ಟರು. ಕಲ್ಲುಗಳು ಮಾತ್ರ ಉಳಿದಿದ್ದವು. ಕಲ್ಲಿಗೆ ಕಾನೂನಿಲ್ಲವಲ್ಲ. ದಿನಾ ಬೆಳಿಗ್ಗೆ ಅವನ್ನು ನೀರಿನಲ್ಲಿ ನೆನೆಸಿ, ಒಂದನ್ನೊಂದು ಉಜ್ಜಿ ಮಟ್ಟ ಮಾಡಿ, ಒರೆಸಿ ಬಿಸಿಲಿಗಿಡುತ್ತಿದ್ದರು. ಕೆಲವೇ ತಿಂಗಳಲ್ಲಿ ಎಡಗೈ ಮೇಲೆ ನರೆಗೂದಲು ಮೂಡಿದವು. ತೋಳು ಮುಚ್ಚುವ ಅಂಗಿ ಹಾಕತೊಡಗಿದರು.

ನನಗೆ ಸಾಕ್ಷಿ ಹೇಳಲು ಸಮನ್ಸು ಬಂತು. ಕೋರ್ಟಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನಾನು ಹೋಗಲಿಲ್ಲ. ಜ್ವರ ಎಂದು ಡಾಕ್ಟರ ಚೀಟಿ ಕಳಿಸಿದೆ. ಎರಡನೆಯದಕ್ಕೆ ಪರೀಕ್ಷೆಯ ಕೆಲಸ ಎಂದು ಹೆಡ್‌ಮಾಸ್ತರರಿಂದ ಪತ್ರ ಬರೆಸಿದೆ. ಮೂರನೆಯದಕ್ಕೆ ಹೊರಟೆ, ಆದರೆ ಅಂದು ವಕೀಲರೊಬ್ಬರು ತೀರಿಕೊಂಡಿದ್ದರಿಂದ ಕೋರ್ಟು ನಡೆಯಲಿಲ್ಲ. ಅದಕ್ಕಾಗಿ ಒಳಗೊಳಗೇ ನೆಮ್ಮದಿಪಟ್ಟೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಕೆಲವು ಸಲ ಹೋದೆ, ಕೆಲವು ಸಲ ತಪ್ಪಿಸಿಕೊಂಡೆ; ತಾರೀಖು ಮುಂದೆ ಹೋಗುತ್ತಲೇ ಇತ್ತು. ಅದನ್ನು ದೂಡಿದವರಲ್ಲಿ ನಾನೂ ಒಬ್ಬ.

ಹೋದ ದಿನಗಳಲ್ಲಿ ಅವರೂ ಅದೇ ಬಸ್ಸಿನಲ್ಲಿರುತ್ತಿದ್ದರು. ಅವರ ವಕೀಲರು ಎಚ್ಚರಿಸಿದ್ದರು, ಸಾಕ್ಷಿಯ ಜೊತೆ ಮಾತಾಡುವುದನ್ನು ಯಾರಾದರೂ ಕಂಡರೆ ಕೇಸು ಕೆಡುತ್ತದೆ ಎಂದು. ಅದಕ್ಕೇ ಅವರು ಡ್ರೈವರನ ಹಿಂದಿನ ಸೀಟು, ನಾನು ಹಿಂದಿನ ಬಾಗಿಲ ಹತ್ತಿರ. ಹದಿನೆಂಟು ವರ್ಷ ಒಂದೇ ಡಬ್ಬಿಯಿಂದ ಅವಲಕ್ಕಿ ತಿಂದವರು ಒಂದೇ ಬಸ್ಸಿನಲ್ಲಿ ಅಪರಿಚಿತರ ಹಾಗೆ ಹೋಗುತ್ತಿದ್ದೆವು. ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಅವರು ನಿಲ್ಲುತ್ತಿದ್ದರು. ಕೆಳಗೆ ಬಿದ್ದ ಕಡ್ಡಿ ಎತ್ತಿಕೊಂಡು ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಹೆರೆಯುತ್ತಿದ್ದರು. ಒಂದೇ ಸಮ, ಉದ್ದುದ್ದ, ಎಲ್ಲೂ ತುಂಡಾಗದ ಹಾಗೆ. ಕರೆಯುವ ಹೊತ್ತಿಗೆ ಕಾಲಡಿ ಬಿಳಿ ಕಡ್ಡಿಗಳ ಗುಪ್ಪೆ.

ಎರಡನೇ ವರ್ಷ ಅವರ ವಕೀಲರೇ ಒಂದು ದಾರಿ ಹೇಳಿದರು. ತಪ್ಪೊಪ್ಪಿಕೊಂಡರೆ ಸಣ್ಣ ದಂಡ ಹಾಕಿ ಬಿಡುತ್ತಾರೆ, ಒಂದೇ ದಿನಕ್ಕೆ ಮುಗಿಯುತ್ತದೆ ಎಂದು. ಸುದ್ದಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಅವರು ಒಪ್ಪಿಕೊಂಡರೆ ನಾನು ಕಟಕಟೆ ಹತ್ತುವುದು ತಪ್ಪುತ್ತದೆ. ಆ ಒಂದು ಸಂಜೆ ಮಾತ್ರ ವಕೀಲರ ಎಚ್ಚರಿಕೆ ಮೀರಿ ಅವರ ಕಟ್ಟೆಗೆ ಹೋದೆ.

“ಒಪ್ಪಿಕೊಂಡು ಬಿಡ್ರಿ ಮಾಸ್ತರ. ಎಷ್ಟ ದಿನ ಅಡ್ಡಾಡತೀರಿ?” ಎಂದೆ.

ಅವರು ಕಲ್ಲು ಒರೆಸುತ್ತಿದ್ದರು. “ಏನಂತ ಒಪ್ಪಿಕೊಳ್ಲಿ?”

“ಒಂಬತ್ತು ಇಂಚು ದಾಟಿತ್ತು ಅಂತ. ಬಾಯಿಮಾತಿಗೆ.”

“ದಾಟಿದ್ದಿಲ್ಲಲ್ರಿ.”

“ನನಗೂ ಗೊತ್ತೈತಿ. ಆದ್ರ...”

ಅವರು ಕಲ್ಲು ಕೆಳಗಿಟ್ಟರು. “ನಿಮಗೂ ಗೊತ್ತೈತಿ,” ಎಂದು ನನ್ನ ಮಾತನ್ನೇ ಮೆಲ್ಲಗೆ ಅಂದರು. ಆವರೆಗೆ ನಾನು ಅಳತೆ ತಿಳಿಯದೆ ತಪ್ಪಿದ್ದೇನೆ ಎಂದೇ ಅವರು ನಂಬಿದ್ದರೇನೋ. “ನಾ ಒಪ್ಪಿಕೊಂಡ್ರ ನೀವು ಹಿಡದ ಟೇಪು ಖರೇ ಆಗತೈತ್ರಿ ಸರ. ಅದು ಖರೇ ಆದ್ರ ನಾ ಇಷ್ಟ ವರ್ಷ ಹುಡುಗ್ರಿಗೆ ಅಳತಿ ಕಲಿಸಿದ್ದು ಸುಳ್ಳ ಆಗತೈತಿ.”

ವೈನಿ ಒಳಗಿನಿಂದ ಚಹಾ ತಂದರು. ಕುಡಿದು ಎದ್ದೆ. ಬಾಗಿಲವರೆಗೆ ಬಂದು ಕಳಿಸಿಕೊಡುವುದು ಅವರ ರೂಢಿ. ಅಂದು ಬರಲಿಲ್ಲ.

ಮೂರನೇ ವರ್ಷ, ಸಸ್ಪೆಂಡಿನಲ್ಲಿದ್ದಾಗಲೇ, ಅವರ ನಿವೃತ್ತಿಯ ದಿನ ಬಂತು. ಸಾಲೆಯಲ್ಲಿ ಹಾರ ಇಲ್ಲ, ಭಾಷಣ ಇಲ್ಲ. ಆ ಸಂಜೆ ಸಾಲೆ ಬಿಡುವ ಹೊತ್ತಿಗೆ ಗೇಟಿನ ಎದುರಿನ ಅಂಗಡಿಯ ಮುಂದೆ ಅವರು ನಿಂತದ್ದನ್ನು ಕಂಡೆ. ಹುಡುಗರು ಹೊರಗೆ ಬರುವುದನ್ನು ನೋಡುತ್ತಿದ್ದರು. ಕೊನೆಯ ಹುಡುಗ ಹೊರಬಿದ್ದ ಮೇಲೆ ಅಂಗಿಯ ತೋಳು ಸರಿಮಾಡಿಕೊಂಡು ಹೊರಟರು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ, ಕೆಳಗಿಳಿಯಲಿಲ್ಲ.

ನಾಲ್ಕನೇ ವರ್ಷ ನನ್ನ ಮೇಲೆ ವಾರಂಟು ಹೊರಡುವುದರಲ್ಲಿತ್ತು. ಕಟಕಟೆ ಹತ್ತಿದೆ. ನ್ಯಾಯಾಧೀಶರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು, ಮೈಸೂರಿನ ಕಡೆಯ ಮಾತು. ಅರಗಿನ ಮುದ್ರೆ ಒಡೆದು ಚಾಕುವನ್ನು ಮೇಜಿನ ಮೇಲಿಟ್ಟರು. ಅಲಗಿನ ತುಂಬ ಕೆಂಪು ತುಕ್ಕು. ಸರಕಾರಿ ವಕೀಲರು ಕೇಳಿದರು: ಇದೇ ಚಾಕುವೇ? ಹೌದು. ಎಷ್ಟು ಉದ್ದ ಎಂದು ಬರೆದಿದ್ದೀರಿ? ಒಂಬತ್ತೂ ಕಾಲು. ಸಹಿ ನಿಮ್ಮದೇ? ನನ್ನದೇ.

ಆಮೇಲೆ ಮಾಸ್ತರ ವಕೀಲರು ಎದ್ದರು. “ಯಾವುದರಿಂದ ಅಳೆದಿರಿ?”

“ಟೇಲರನ ಟೇಪಿನಿಂದ.”

“ಹೇಗೆ?”

“ಅಂಚಿನ ಬಾಗಿನ ಗುಂಟ.”

ವಕೀಲರು ಉಕ್ಕಿನ ಸ್ಕೇಲು ತೆಗೆದು, ಅನುಮತಿ ಕೇಳಿ, ಬುಡದಿಂದ ತುದಿಗೆ ನೇರ ಹಿಡಿದರು. ಎಂಟೂ ಮುಕ್ಕಾಲು. ಸರಕಾರಿ ವಕೀಲರೂ ಬಂದು ಬಗ್ಗಿ ನೋಡಿ ಹೋಗಿ ಕೂತರು.

ನಾನು ಧೈರ್ಯ ಮಾಡಿದೆ ಎಂದು ಬರೆದರೆ ಅದೂ ಇನ್ನೊಂದು ತಪ್ಪು ಅಳತೆ. ಸ್ಕೇಲು ಹೊರಗೆ ಬಂದ ಮೇಲೆ ನನ್ನ ಹತ್ತಿರ ಮುಚ್ಚಿಡಲು ಅಳತೆ ಉಳಿದಿರಲಿಲ್ಲ. ಆದರೆ ನ್ಯಾಯಾಧೀಶರು ತಲೆ ಎತ್ತಿ ಇನ್ನೊಂದು ಪ್ರಶ್ನೆ ಕೇಳಿದರು.

“ಹೀಗೆ ಅಳೀಬಾರದು ಅಂತ ನಿಮಗೆ ಆವತ್ತೇ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಕನ್ನಡ ಮಾಸ್ತರ, ಅಳತೆ ತಿಳಿಯಲಿಲ್ಲ, ಯಾರೂ ಏನೂ ಅನ್ನುತ್ತಿರಲಿಲ್ಲ. ಆರೋಪಿಯ ಜಾಗದಲ್ಲಿ ಮಾಸ್ತರು ಕೈ ಕಟ್ಟಿಕೊಂಡು ನಿಂತಿದ್ದರು. ನನ್ನನ್ನು ನೋಡುತ್ತಿರಲಿಲ್ಲ, ಮೇಜಿನ ಮೇಲಿನ ತುಕ್ಕನ್ನು ನೋಡುತ್ತಿದ್ದರು.

“ಗೊತ್ತಿತ್ತು,” ಎಂದೆ. “ಅವರು ನೇರ ಹಿಡೀರಿ ಅಂದಿದ್ದರು. ನಾನು ಕೇಳಿಸದವರ ಹಾಗೆ ಮಾಡಿದೆ.”

“ಯಾಕೆ?”

“ಹೆದರಿದ್ದೆ.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಆಮೇಲೆ, “ನಾಲ್ಕು ವರ್ಷ ಆಯ್ತು ಮೇಷ್ಟ್ರೇ,” ಎಂದಷ್ಟೇ ಅಂದು ಬರೆಸಿಕೊಂಡರು. ಮುಂದಿನ ತಿಂಗಳು ಮಾಸ್ತರು ಖುಲಾಸೆಯಾದರು. ನನ್ನ ಮೇಲೆ ಏನಾದರೂ ಬರುತ್ತದೆ ಎಂದು ಬಹಳ ದಿನ ಕಾದೆ. ಏನೂ ಬರಲಿಲ್ಲ.

ತೀರ್ಪಿನ ದಿನ ವಾಪಸ್ ಬರುವ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತೆ. ಈಗ ಯಾರ ಅಡ್ಡಿಯೂ ಇರಲಿಲ್ಲ. ಅವರು ಕಿಟಕಿಯ ಕಡೆಗೆ ಸರಿದು ಜಾಗ ಕೊಟ್ಟರು.

“ಒಂದು ಕೇಳತೀನ್ರಿ,” ಎಂದರು ಕೊನೆಗೆ. “ಮೊದಲನೇ ತಾರೀಖಿಗೆ ಬಂದು ಇದನ್ನ ಹೇಳಿದ್ರ ಏನಾಗತಿತ್ತು?”

 

ಜಪ್ತಾದ ಚಾಕುವನ್ನು ಅರ್ಜಿ ಕೊಟ್ಟು ವಾಪಸ್ ತೆಗೆದುಕೊಳ್ಳಬಹುದು ಎಂದು ತೀರ್ಪಿನಲ್ಲಿತ್ತು. ಮಾಸ್ತರು ಅರ್ಜಿ ಕೊಡಲಿಲ್ಲ. ಒಂದು ದಿನ ವೈನಿಯೇ ನಮ್ಮ ಮನೆಗೆ ಬಂದರು. ಅವರು ನಮ್ಮ ಹೊಸ್ತಿಲು ತುಳಿದು ನಾಲ್ಕು ವರ್ಷವಾಗಿತ್ತು. ಕೂರಲಿಲ್ಲ.

“ಅರ್ಜಿಗೆ ಸಹಿ ಹಾಕಿಸಿಕೊಂಡ ಬಂದೇನ್ರಿ. ಅವರು ಹೋಗೂದಿಲ್ಲಂತ. ನೀವ ತರ್ರಿ,” ಎಂದರು.

“ವೈನಿ, ನಿಮಗ ಅದು ಮನ್ಯಾಗ...”

“ನನಗ ಬ್ಯಾಡ್ರಿ. ನನ್ನ ಮನ್ಯಾಗ ಅದು ಬಂದ್ರ ನನಗ ನಿದ್ದಿ ಹತ್ತೂದಿಲ್ಲ. ಆದ್ರ ಅಲ್ಲಿ ಇನ್ನೊಬ್ಬರ ಕಪಾಟಿನ್ಯಾಗ ತುಕ್ಕ ಹಿಡಕೊಂತ ಕುಂದ್ರಬಾರದು. ನೀವ ತರ್ರಿ, ನೀವ ಇಟ್ಕೋರಿ.”

ತಂದೆ. ಚೀಲದಲ್ಲಿ ಚಾಕು, ಜೇಬಿನಲ್ಲಿ ಕೋರ್ಟಿನ ಕಾಗದ. ಬಸ್ಸಿನಲ್ಲಿ ಯಾರು ನನ್ನ ಚೀಲದ ಕಡೆ ನೋಡಿದರೂ ಕಾಗದ ಮುಟ್ಟಿಕೊಳ್ಳುತ್ತಿದ್ದೆ. ಒಂದು ತಾಸಿನ ದಾರಿ ಮುಗಿಯುವಷ್ಟರಲ್ಲಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಮುಂದಿನ ಭಾನುವಾರ ಮಾಸ್ತರು ಕಲ್ಲಿನ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕರೆದಿರಲಿಲ್ಲ. ನಮ್ಮ ಹಿಂದಿನ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು ತುಕ್ಕು ತೆಗೆಯತೊಡಗಿದರು. ನನಗೂ ಕಲಿಸಲು ನೋಡಿದರು. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಕೈಗಷ್ಟೇ ಮಾತು: “ಹಗೂರ. ಒತ್ತಬ್ಯಾಡ್ರಿ. ಕೋನ ಬಿಡಬ್ಯಾಡ್ರಿ.” ನನ್ನ ಕೈ ಕಲ್ಲಿನ ಮೇಲೆ ಕೂರುತ್ತಲೇ ಇರಲಿಲ್ಲ. ಅವರು ನಾಲ್ಕು ಭಾನುವಾರ ಬಂದರು. ಐದನೆಯ ಭಾನುವಾರ ಹಳೆಯ ಹಿಡಿಯ ಮೊಳೆ ಕಿತ್ತು ಅದನ್ನು ಬಿಚ್ಚಿಟ್ಟರು.

“ಇದು ನನ್ನ ಕೈಗೆ ಮಾಡಿದ್ರಿ. ನಿಮಗ ದೊಡ್ಡದಾಗತೈತಿ. ಕೈ ಕೊಡ್ರಿ.”

ಕಾಗದದ ಮೇಲೆ ನನ್ನ ಬಲಗೈ ಒತ್ತಿ ಹಿಡಿದು, ಬೆರಳುಗಳ ಸುತ್ತ ಪೆನ್ಸಿಲ್ ಎಳೆದರು. ಮೊದಲು ಹೆಬ್ಬೆರಳು, ಆಮೇಲೆ ಒಂದೊಂದಾಗಿ ಉಳಿದವು. ಗೆರೆ ಎರಡು ಕಡೆ ಸೊಟ್ಟಗಾಯಿತು. ಅಲ್ಲಿ ಅಳಿಸಿ ಮತ್ತೆ ಎಳೆದರು. ಹುಣಸೆ ಮರದ ಹೊಸ ಹಿಡಿ ಕೂಡಿಸಲು ಮತ್ತೆ ಮೂರು ಭಾನುವಾರ ಹಿಡಿಯಿತು. ಮುಗಿದ ದಿನ ಚಾಕುವನ್ನು ನನ್ನ ಕೈಗಿಟ್ಟು, ಬೆರಳು ಕೂತಿದೆಯೇ ನೋಡಿ, ಎದ್ದು ಹೋದರು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಕೇಳುವ ಬಾಯಿ ನನಗೂ ಬರಲಿಲ್ಲ.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡರು. ಹಾವೇರಿಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ದಿನಕರ್ಮದ ನಂತರ ಒಂದು ದಿನ ಮಧ್ಯಾಹ್ನ ವೈನಿಯನ್ನು ಮಾತಾಡಿಸಲು ಹೋದೆ. ಅದೂ ಇದೂ ಮಾತಾಡಿ ಎದ್ದಾಗ ಅವರು ಕೇಳಿದರು:

“ಅದು ನಿಮ್ಮ ಮನ್ಯಾಗ ಐತಲ್ರಿ? ಹರಿತ ಐತೇನ್ರಿ?”

“ಐತ್ರಿ ವೈನಿ. ಅವರು ಕೊಟ್ಟಾಗ ಹೆಂಗಿತ್ತೋ ಹಂಗ ಐತಿ,” ಎಂದೆ.

ಓಣಿ ದಾಟಿ ಮುಖ್ಯ ರಸ್ತೆಗೆ ಬಂದೆ. ಅಲ್ಲಿಂದ ನಮ್ಮ ಮನೆಯ ಕಡೆಗೆ ನಾಲ್ಕು ಹೆಜ್ಜೆ ಹೋಗಿ ನಿಂತೆ. ತಿರುಗಿ ಅದೇ ಓಣಿಗೆ ನಡೆದೆ. ವೈನಿ ಇನ್ನೂ ಬಾಗಿಲಲ್ಲೇ ಇದ್ದರು.

“ಸುಳ್ಳ ಹೇಳಿದೆ ವೈನಿ. ಮೊಂಡ ಆಗೈತಿ. ನಾ ಹರಿತ ಮಾಡಾಕ ಹೋಗಿ ಅಂಚು ಕೆಡಿಸೇನಿ.”

“ಗೊತ್ತೈತ್ರಿ,” ಎಂದರು. “ಸರಗ ಇನ್ನೂ ಕೈ ಕುಂತಿಲ್ಲ, ಇನ್ನ ನಾಕ ವಾರ ಅವರ ಮನೀಗೆ ಹೋಗಬೇಕು ಅಂತಿದ್ರು.” ಒಳಗೆ ಹೋಗಿ ಕಲ್ಲಿನ ಚೀಲ ತಂದು ನನ್ನ ಮುಂದೆ ಹಿಡಿದರು. ಭಾರವಾಗಿತ್ತು. ಎರಡೂ ಕೈಯಲ್ಲಿ ಇಸಿದುಕೊಂಡೆ.